ನಮ್ಮತ್ತೆಯ ವರ್ಷದ ಆಲ್ಬಮ್‌ಗಳು

ನಮ್ಮತ್ತೆಗೆ ದೆವ್ವ ಹಿಡಿದಿಲ್ಲ. ಈ ಮಾತನ್ನು ನಾನು ಆನವಟ್ಟಿಯ ಅರ್ಧ ಊರಿಗಾದರೂ ಹೇಳಿದ್ದೇನೆ. ನಂಬುವವರು ಯಾರು?

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಮನೆಯ ಮುಂದಿನ ಕೋಣೆಯಲ್ಲೇ ಅವಳ ಟೈಲರಿಂಗ್ ಅಂಗಡಿ. ಒಮ್ಮೆ ಫೋನಿನಲ್ಲಿ ಬ್ಲೌಸಿನ ಡಿಸೈನು ಹುಡುಕುತ್ತಿದ್ದಾಗ ಎಲ್ಲೋ ಬೆರಳು ತಾಗಿ, ಗಿಟಾರು ಗುಡುಗಿ, ಯಾರೋ ಪರದೇಶದವನು ಕಿರುಚಿದನಂತೆ. ಅಷ್ಟೇ! ಅವತ್ತಿನಿಂದ ಅವಳಿಗೆ ರಾಕ್ ಸಂಗೀತವೇ ಊಟ, ನಿದ್ದೆ.

ಪಕ್ಕದ ಮನೆಯ ಅಜ್ಜಿ ಒಂದು ದಿನ ಕಿಟಕಿಯಿಂದ ನೋಡಿದರು. ಒಳಗೆ ಗಂಡಸಿನ ಗರ್ಜನೆ, ಅತ್ತೆಯ ತಲೆ ಗರಗರ! ಮರುದಿನವೇ ತೊಗರ್ಸಿಗೆ ಹೋಗಿ ಮಲ್ಲಿಕಾರ್ಜುನನ ವಿಭೂತಿ ತಂದರು. ಅತ್ತೆ ಭಕ್ತಿಯಿಂದ ಹಚ್ಚಿಸಿಕೊಂಡು, "ಕೂತ್ಕೊಳ್ರೀ ಅಜ್ಜಿ, ಇನ್ನೂ ಎರಡು ಹಾಡು ಅದಾವೆ" ಅಂದಳು. ಈಗ ಅಜ್ಜಿಯ ತಲೆಯೂ ಅಲ್ಲಾಡುತ್ತದೆ. ವಯಸ್ಸಿಗೋ, ಸಂಗೀತಕ್ಕೋ, ಕೇಳುವ ಧೈರ್ಯ ನನಗಿಲ್ಲ!

ಶಿಕಾರಿಪುರದ ಬಸ್ಸಿನ ಕತೆ ಇನ್ನೂ ಮಜಾ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಅತ್ತೆ ಇದ್ದಕ್ಕಿದ್ದಂತೆ ನನ್ನ ತೊಡೆಗೆ ಬಡಿದು, "ಡ್ರಮ್ ಬಿತ್ತು ನೋಡೋ!" ಎಂದು ಕೂಗಿದಳು. ಕಂಡಕ್ಟರ್ ಪೀಪಿ ಊದಿಯೇಬಿಟ್ಟ. ಬಸ್ಸು ನಿಂತಿತು. "ಎಲ್ಲಿ ಬಿತ್ತಮ್ಮ? ಯಾರ್ದು ಡ್ರಮ್ಮು?" ಎಂದು ರಸ್ತೆಯುದ್ದಕ್ಕೂ ಹುಡುಕಿದ. ಅತ್ತೆ ಒಂದು ಇಯರ್‌ಫೋನ್ ತೆಗೆದು, "ನೀವೇ ಕೇಳ್ರೀ" ಎಂದು ಅವನ ಕಿವಿಗೆ ಹಿಡಿದಳು. ಟಿಕೆಟ್ ಕೊಡುವುದನ್ನೂ ಮರೆತು ಕೇಳಿದ ಪುಣ್ಯಾತ್ಮ!

ಆದರೆ ಎಲ್ಲಕ್ಕಿಂತ ದೊಡ್ಡ ಸಂಭ್ರಮವೆಂದರೆ ಡಿಸೆಂಬರ್ ಕೊನೆ. ಅಂದು ಅತ್ತೆ ಆ ವರ್ಷ ಕೇಳಿದ್ದರಲ್ಲಿ ತನ್ನ ಮೆಚ್ಚಿನ ಹಾಡಿನ ಆಲ್ಬಮ್‌ಗಳನ್ನು ಘೋಷಿಸುತ್ತಾಳೆ. ನಾವು, ಅಜ್ಜಿ, ಬ್ಲೌಸು ಒಯ್ಯಲು ಬಂದವರು, ಎಲ್ಲರೂ ಹಾಜರು. ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಬೇರೆ! ನಿಯಮ ಕಠಿಣ. ಒಂದೇ ಒಂದು ಹಾಡನ್ನು ಕೇಳದೆ ದಾಟಿಸಬೇಕು ಅನ್ನಿಸಿದರೂ ಆಲ್ಬಮ್ ಫೇಲ್! ಇಂಗ್ಲಿಷ್ ಹೆಸರುಗಳು ಅವಳ ನಾಲಿಗೆಗೆ ಒಗ್ಗುವುದಿಲ್ಲವಾದ್ದರಿಂದ ನಾಮಕರಣವೂ ಅವಳದೇ. ಒಂದು ವರ್ಷ ಗೆದ್ದದ್ದು 'ಗಂಟಲು ಕೆಟ್ಟೋನು'.

ಮಾವನದು ಗೊಬ್ಬರದ ಅಂಗಡಿ, ಮಾತು ಕಡಿಮೆ. ಹಾಡು ಹಾಕಿದಾಗಲೂ, ಘೋಷಣೆಯ ದಿನವೂ, "ತಲೆನೋವು ಕಣೇ" ಎಂದು ಹಿತ್ತಲಿಗೆ ಹೋಗಿಬಿಡುವವರು.

ಕಳೆದ ವರ್ಷ ದೀಪಾವಳಿ ಆದಮೇಲೆ ಅವರಿಗೆ ಎದೆನೋವು ಬಂತು. ಶಿವಮೊಗ್ಗದ ಆಸ್ಪತ್ರೆ, ಆಪರೇಷನ್ನು. ಮನೆಗೆ ಬಂದಮೇಲೆ ಅತ್ತೆ ಹಾಡು ಹಾಕಲೇ ಇಲ್ಲ. ಡಿಸೆಂಬರ್ ಕೊನೆಗೆ ಅಭ್ಯಾಸಬಲದಿಂದ ಎಲ್ಲರೂ ಸೇರಿದೆವು. ಅತ್ತೆ ಮಾತ್ರ ತಲೆ ಎತ್ತದೆ ಬ್ಲೌಸು ಹೊಲಿಯುತ್ತಿದ್ದಳು. ಮಾವ ಗೋಡೆ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕೂತರು.

"ಈ ಸಲ ಯಾವ್ದೇ ಫಸ್ಟು?"

"ಯಾವ್ದೂ ಇಲ್ರೀ. ಸುಮ್ನೆ ಮಲ್ಕೊಳ್ಳಿ ಹೋಗಿ."

"ಯಾಕಿಲ್ಲ? ನಾ ಹೇಳ್ತೀನಿ ಕೇಳು. ಎರಡನೇದು ಆ ಜೋಳದ ಮಿಷನ್ನಿನಂಗೆ ಬಡೀತಾನಲ್ಲ, ಅವನು. ಕೊನೇ ಹಾಡು ಸ್ವಲ್ಪ ಎಳೆದ, ಇಲ್ಲಾಂದ್ರೆ ಅವನೇ ಗೆಲ್ತಿದ್ದ."

ಅಯ್ಯೋ! ಹಿತ್ತಲಲ್ಲಿ ಕೂತು ಇವರು ಕೇಳುತ್ತಿದ್ದದ್ದು ಇದನ್ನೇ?

"ಫಸ್ಟು ಆ ಗಿಟಾರು ಬಾರಿಸೋ ಅಕ್ಕ-ತಂಗೇರದ್ದು," ಅಂದರು ಮಾವ.

"ಅದ್ಯಾಕ್ರೀ ಅದು?"

"ಅದು ಬಂದಾಗ ನೀನೂ ಜೊತೆಗೆ ಹಾಡ್ತೀಯಲ್ಲೇ. ಆಸ್ಪತ್ರೇಲಿ ಮಲಗಿದ್ದಾಗ ಕಿವೀಲಿ ಅದೊಂದೇ ಇತ್ತು ನಂಗೆ."

ಅತ್ತೆ ಹೊಲಿಯುತ್ತಿದ್ದ ಬ್ಲೌಸಿನ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ಯಾರದೋ ಮದುವೆಯ ಬ್ಲೌಸು! ಆಮೇಲೆ ಫೋನ್ ತೆಗೆದು, ಬಲು ಸಣ್ಣ ದನಿಯಲ್ಲಿ, ಮಗುವನ್ನು ಎಬ್ಬಿಸಬಾರದು ಅನ್ನುವ ಹಾಗೆ ಆ ಹಾಡು ಹಾಕಿದಳು.

"ಜೋರಾಗಿ ಇಡೇ," ಅಂದರು ಮಾವ.