ಹಾರ ಹಾಕಿಸಿಕೊಂಡ ಮಿಕ್ಸಿ ಮತ್ತು ನನ್ನ ಪ್ರಮಾಣಪತ್ರ

ಮರುಕಲಿಕೆ ವೇದಿಕೆಯ ಸಂಚಾಲಕರಾದ ಶ್ರೀ ಶಿವಶಂಕರಪ್ಪನವರಿಗೆ, ಭದ್ರಾವತಿ ಓಲ್ಡ್ ಟೌನಿನ ಅನುಷಾ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮಗೆ ಹೊದಿಸಿದ ಶಾಲುಗಳೂ ಕ್ಷೇಮವೆಂದು ನಂಬಿದ್ದೇನೆ. ನಾನು ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳು. ಒಂದೇ ಕಡೆ ಕೂತು ಕೇಳುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ ಕಾರಣ. ಅಂಥವಳನ್ನು ಕಳೆದ ಭಾನುವಾರ ಶಿವಮೊಗ್ಗದಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಹೆಚ್ಚುಕಡಿಮೆ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದ ಕೀರ್ತಿ ತಮಗೆ ಸಲ್ಲಬೇಕು. ನನ್ನ ಯಾವ ಮೇಷ್ಟ್ರಿಂದಲೂ ಆಗದ ಕೆಲಸವದು.

ತಮ್ಮ ಕರಪತ್ರದಲ್ಲಿ ‘ವಯಸ್ಕರಿಗಾಗಿ ಮಿಕ್ಸಿ, ಗ್ರೈಂಡರ್ ರಿಪೇರಿ ಕಲಿಕಾ ಸಮಾವೇಶ’ ಎಂದಿತ್ತು. ಅದನ್ನು ಓದಿ ನಾನು ಬಸ್ಸು ಹತ್ತಿದ್ದಕ್ಕೆ ಒಂದು ಕಾರಣವಿದೆ. ರಿಪೇರಿ ಅಂಗಡಿಯ ವಿಜಯಕುಮಾರಣ್ಣ, “ಹುಡುಗಿ ಅಂತ ನಂಗೇನೂ ಇಲ್ಲ, ಕೆಲ್ಸ ಕಲ್ತು ಬಾ, ಒಂದನೇ ತಾರೀಖಿಂದ ಸೇರ್ಕೋ” ಎಂದಿದ್ದರು. ಇದುವರೆಗೆ ನಾನು ಸೇರಿ ಬಿಟ್ಟ ಕೆಲಸಗಳನ್ನು ನಮ್ಮ ಅಮ್ಮ ದಾಕ್ಷಾಯಣಮ್ಮ ಬೀದಿಯವರಿಗೆಲ್ಲ ಹೇಳಿದ್ದಾರೆ. ಆದರೆ ಇದೊಂದನ್ನು ಮಾತ್ರ ನಾನು ನಿಜವಾಗಿಯೂ ಬಯಸಿದ್ದೆ.

ಸಭಾಂಗಣದ ಬಾಗಿಲಲ್ಲೇ ತಮ್ಮ ವ್ಯವಸ್ಥೆಯ ಸೂಕ್ಷ್ಮತೆ ಕಂಡು ಬೆರಗಾದೆ. ಗಾಜನೂರಿನ ವೀರಪ್ಪನವರು ಮನೆಯಲ್ಲಿ ಕೆಟ್ಟು ಕೂತಿದ್ದ ಮಿಕ್ಸಿಯನ್ನು ಚೀಲದಲ್ಲಿ ತಂದಿದ್ದರು. ತಮ್ಮ ಸ್ವಯಂಸೇವಕರು ಅದನ್ನು ಲಗೇಜೆಂದು ಪರಿಗಣಿಸಿ ಚಪ್ಪಲಿಗಳ ಪಕ್ಕ ಇರಿಸಿದರು. ರಿಪೇರಿ ಕಲಿಯುವ ಜಾಗಕ್ಕೆ ಕೆಟ್ಟ ಸಾಮಾನು ತರಬಾರದೆಂಬ ಶಿಸ್ತು ನಮಗೆ ತಿಳಿದಿರಲಿಲ್ಲ. ವೇದಿಕೆಯ ಮೇಲೆ ಅಂಗಡಿಯಿಂದ ತಂದ ಹೊಸ ಮಿಕ್ಸಿಯೊಂದು ಅರಿಶಿನ, ಕುಂಕುಮ ಮತ್ತು ಸೇವಂತಿಗೆ ಹಾರದೊಂದಿಗೆ ವಿರಾಜಮಾನವಾಗಿತ್ತು. ದೀಪದ ಬದಲು ಅದರ ಸ್ವಿಚ್ ಒತ್ತಿ ಉದ್ಘಾಟನೆಯಾಯಿತು. ಸೀಲ್ ಒಡೆದರೆ ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಅಂದು ಸಭಾಂಗಣದಲ್ಲಿ ಬಿಚ್ಚಿ ನೋಡದೆ ಉಳಿದ ಏಕೈಕ ವಸ್ತು ಅದೇ ಎಂದು ಬರೆಯೋಣವೆಂದುಕೊಂಡೆ. ಆಮೇಲೆ ನೆನಪಾಯಿತು, ಉಳಿದವನ್ನೂ ಬಿಚ್ಚಿರಲಿಲ್ಲ.

ಮುಖ್ಯ ಅತಿಥಿಗಳಿಗೆ ಸೋಗಾನೆ ನಿಲ್ದಾಣದಿಂದ ಬೆಳಗ್ಗೆಯೇ ವಿಮಾನವಿತ್ತು. ಪ್ರಮಾಣಪತ್ರಗಳನ್ನು ಅವರ ಹಸ್ತದಿಂದಲೇ ಕೊಡಿಸಬೇಕೆಂದು ತಾವು ಅವನ್ನು ಸ್ವಾಗತ ಭಾಷಣಕ್ಕೂ ಮೊದಲೇ ಹಂಚಿಸಿದಿರಿ. ಹೀಗಾಗಿ ನಾವು ಯಶಸ್ವಿಯಾಗಿ ತರಬೇತಿ ಮುಗಿಸಿದ ಮೇಲೆ ನಮಗೆ ಸ್ವಾಗತ ಕೋರಲಾಯಿತು. ನಮಗೆ ಕಲಿಸಬೇಕಿದ್ದ ಹರಿಪ್ರಸಾದ್ ಸರ್ ಮಾತ್ರ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ವೇದಿಕೆಯ ತುದಿಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದರು. ಅವರಿಗೆ ಕೊನೆಯಲ್ಲಿ, ಸಮಯ ಉಳಿದರೆ, ಕಾಲು ಗಂಟೆಯಿತ್ತು.

ಆಗಲೇ ಅಡುಗೆಯ ಪದ್ಮಮ್ಮನವರು ಪಕ್ಕದ ಬಾಗಿಲಿನಿಂದ ಇಣುಕಿ, “ಗ್ರೈಂಡರ್ ಗುಂಯ್ ಅಂತದೆ, ಕಲ್ಲು ತಿರುಗಲ್ಲ. ಕಾಯಿ ಹಂಗೇ ಕೂತಿದೆ. ರಿಪೇರಿ ಕಲ್ತವ್ರು ಯಾರಾದ್ರೂ ಇದ್ರೆ ಬನ್ರಪ್ಪ” ಎಂದರು. ಸಭಾಂಗಣದ ತುಂಬ ಪ್ರಮಾಣಪತ್ರ ಹಿಡಿದವರೇ ಇದ್ದೆವು. ಎಲ್ಲರೂ ಪಕ್ಕದವರ ಮುಖ ನೋಡಿದೆವು.

ಎದ್ದವರು ಹರಿಪ್ರಸಾದ್ ಸರ್. ಅವರ ಹಿಂದೆ ನಾನು, ವೀರಪ್ಪನವರು, ಇನ್ನೂ ಕೆಲವರು. ಸರ್ ಶಾಲನ್ನು ಅಕ್ಕಿ ಮೂಟೆಯ ಮೇಲೆ ಹಾಕಿ, ಪ್ಲಗ್ ಕಿತ್ತು ಎಲ್ಲರಿಗೂ ತೋರಿಸಿ, ನೆಲದ ಮೇಲೆ ಕೂತು, “ನಾನು ಮುಟ್ಟಲ್ಲ. ಏನಾಗಿರ್ಬೋದು, ನೀವ್ ಹೇಳಿ” ಎಂದರು. ವೀರಪ್ಪನವರು ಮೋಟಾರು ಸುಟ್ಟಿದೆ ಎಂದರು. “ಸುಟ್ಟಿದ್ರೆ ವಾಸ್ನೆ ಬರ್ಬೇಕಲ್ಲ ಯಜಮಾನ್ರೆ, ಮೂಸಿ ನೋಡಿ” ಎಂದು ಸರ್ ಅಂದದ್ದಕ್ಕೆ ಅವರು ಬಗ್ಗಿ ಮೂಸಿ, “ಕೊತ್ತಂಬರಿ ವಾಸ್ನೆ ಬರ್ತಿದೆ” ಎಂದರು. ಎಲ್ಲರೂ ನಕ್ಕೆವು, ವೀರಪ್ಪನವರೂ ನಕ್ಕರು. ತಪ್ಪು ಹೇಳಿದವರು ಬೆಂಚಿನ ಮೇಲೆ ನಿಲ್ಲಬೇಕಾಗಿಲ್ಲದ ಪಾಠ ನನಗೆ ಅದೇ ಮೊದಲು. ನಾನು, “ಮೋಟಾರು ತಿರುಗ್ತಿದೆ, ಕಲ್ಲು ತಿರುಗ್ತಿಲ್ಲ ಅಂದ್ರೆ ಮಧ್ಯ ಏನೋ ಆಗಿದೆ” ಎಂದೆ. “ಹಾಂ, ಆ ಮಧ್ಯದ್ದನ್ನ ಹುಡುಕು” ಎಂದು ಸ್ಕ್ರೂಡ್ರೈವರನ್ನು ನನ್ನ ಕೈಗೇ ಕೊಟ್ಟರು. ಮುಚ್ಚಳ ತೆಗೆದೆ. ಜಾರಿ ಬಿದ್ದ ಬೆಲ್ಟು ಬೆರಳಿಗೆ ಸಿಕ್ಕಿತು.

ಸರಿಯಾಗಿ ಆ ಕ್ಷಣಕ್ಕೆ ತಾವು ಅಡುಗೆಮನೆಯ ಬಾಗಿಲಲ್ಲಿ ದರ್ಶನ ಕೊಟ್ಟಿರಿ. “ಏನ್ರೀ ಇದು, ಕಲಿಯೋಕ್ ಬಂದಿದೀರೋ ಊಟಕ್ಕೆ ಬಂದಿದೀರೋ” ಎಂದು ನಮ್ಮ ಹಿತಕ್ಕಾಗಿಯೇ ಗದರಿ, ಮುಚ್ಚಳವನ್ನು ಹಾಗೇ ಹಾಕಿಸಿ, ಎಲ್ಲರನ್ನೂ ಒಳಗೆ ಕರೆದೊಯ್ದಿರಿ. ಒಳಗೆ ‘ಮಾಡಿ ಕಲಿಯುವುದರ ಮಹತ್ವ’ ಎಂಬ ಉಪನ್ಯಾಸ ಶುರುವಾಗಿತ್ತು. ಮಧ್ಯಾಹ್ನ ಊಟಕ್ಕೆ ಬರಬೇಕಿದ್ದ ಹುಳಿ, ಕಾಯಿ ರುಬ್ಬಲಾಗದೆ, ಸಾರಾಗಿ ಬಂತು. ಹರಿಪ್ರಸಾದ್ ಸರ್ ಅವರ ಕಾಲು ಗಂಟೆಯನ್ನು ವಂದನಾರ್ಪಣೆ ನುಂಗಿತು.

ಮರುದಿನ ವಿಜಯಕುಮಾರಣ್ಣ ನನ್ನ ಪ್ರಮಾಣಪತ್ರ ನೋಡಿ, “ಲ್ಯಾಮಿನೇಷನ್ ಬೇರೆ ಮಾಡಿದಾರೆ ಮಾರಾಯ್ತಿ” ಎಂದು ಮೆಚ್ಚಿ, ಒಂದು ಮಿಕ್ಸಿ ಮುಂದಿಟ್ಟು ಬಿಚ್ಚು ಎಂದರು. ಬರುವುದಿಲ್ಲ ಎಂದೆ. “ಮತ್ತೆ ಬರುತ್ತೆ ಅಂತ ಇದ್ರಲ್ಲಿದೆಯಲ್ಲ?” ಎಂದರು. “ಇದನ್ನ ಬೆಳಿಗ್ಗೆನೇ ಕೊಟ್ರು ಅಣ್ಣ, ಕಲಿಸೋದು ಆಮೇಲಿತ್ತು” ಎಂದೆ. ಅವರು ತುಂಬ ನಕ್ಕರು. ನಕ್ಕು ಮುಗಿಸಿ, ಒಂದನೇ ತಾರೀಖಿನೊಳಗೆ ಕಲಿಯದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದರು. ಅದನ್ನು ಹೇಳುವಾಗ ನಗಲಿಲ್ಲ.

ಆದ್ದರಿಂದ ಮಾನ್ಯರೇ, ಕೆಲವು ಸಣ್ಣ ಬಿನ್ನಹಗಳಿವೆ. ಮುಂದಿನ ಸಮಾವೇಶದಲ್ಲಿ ಗ್ರೈಂಡರ್ ಬೆಳಗ್ಗೆ ಮೊದಲ ಅವಧಿಯಲ್ಲೇ ಕೆಡುವಂತೆ ಏರ್ಪಾಡು ಮಾಡಿ, ಆಹ್ವಾನ ಪತ್ರಿಕೆಯಲ್ಲಿ ಅದರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕು. ಕಲಿಸುವವರಿಗೆ ಶಾಲು ಹೊದಿಸುವುದನ್ನು ಅವರ ಕೈ ಮಸಿಯಾದ ಮೇಲೆ ಇಟ್ಟುಕೊಳ್ಳಬೇಕು. ಕಲಿಯುವವರನ್ನು ಅಡುಗೆಮನೆಗೆ ಕಳಿಸಿ, ಭಾಷಣಗಳನ್ನು ಖಾಲಿ ಸಭಾಂಗಣದಲ್ಲಿ ಸಾಂಗವಾಗಿ ನಡೆಸಬೇಕು. ಭಾಷಣಕಾರರಿಗೆ ಇದರಿಂದ ವ್ಯತ್ಯಾಸವೇನೂ ತಿಳಿಯದೆಂದು ನನ್ನ ನಂಬಿಕೆ. ವಿಮಾನವನ್ನು ಸಂಜೆಯವರೆಗೆ ಸೋಗಾನೆಯಲ್ಲೇ ಕಟ್ಟಿಹಾಕಲು ಸಾಧ್ಯವೇ ಎಂದೂ ವಿಚಾರಿಸಬೇಕು.

ಅಷ್ಟರೊಳಗೆ ಈ ಭಾನುವಾರ ಹರಿಪ್ರಸಾದ್ ಸರ್ ಓಲ್ಡ್ ಟೌನಿನ ನಮ್ಮ ಮನೆಗೆ ಬರುತ್ತೇನೆಂದಿದ್ದಾರೆ. ವೀರಪ್ಪನವರೂ ತಮ್ಮ ಚೀಲದೊಂದಿಗೆ ಬರುತ್ತಾರೆ. ತಾವೂ ಮನೆಯಲ್ಲಿ ಕೆಟ್ಟಿರುವುದೇನಾದರೂ ಹಿಡಿದು ಅಗತ್ಯ ಬನ್ನಿ. ಕುರ್ಚಿಗಳಿಲ್ಲ, ಚಾಪೆಯಿದೆ. ಪ್ರಮಾಣಪತ್ರವನ್ನು ಈ ಪತ್ರದ ಜೊತೆ ಹಿಂತಿರುಗಿಸುತ್ತಿದ್ದೇನೆ. ನಾನು ಕಲಿತ ದಿನ ತಿಳಿಸುತ್ತೇನೆ, ಆಗ ಮತ್ತೆ ಕೊಡಿ. ಫೋಟೋಕ್ಕೂ ನಿಲ್ಲುತ್ತೇನೆ.

ಇನ್ನೂ ಕಲಿಯಬೇಕಾಗಿರುವ, ತಮ್ಮ ವಿಶ್ವಾಸಿ,
ಅನುಷಾ

ತಾ.ಕ.: ತಾವು ಅವಸರದಲ್ಲಿ ಮುಚ್ಚಳ ಹಾಕಿಸಿದಾಗ ಗ್ರೈಂಡರಿನ ಒಂದು ಸ್ಕ್ರೂ ನನ್ನ ಮುಷ್ಟಿಯಲ್ಲೇ ಉಳಿದುಬಿಟ್ಟಿತು. ಪದ್ಮಮ್ಮನವರಿಗೆ ಫೋನಿನಲ್ಲಿ ತಿಳಿಸಿದ್ದೇನೆ, ಭಾನುವಾರ ಅವರೂ ಗ್ರೈಂಡರನ್ನು ಆಟೋದಲ್ಲಿ ತರುತ್ತಾರೆ. ಆ ಸ್ಕ್ರೂ ಎಲ್ಲಿ ಕೂರಬೇಕೆಂದು ನನಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ತಾವು ಸಹಿ ಹಾಕಿದ ಪ್ರಮಾಣಪತ್ರದ ಪ್ರಕಾರ ಗೊತ್ತಿದೆ.