ಇನ್ನೊಂದೇ ಹೋಟೆಲಿಗೆ ಜಾಗ

ಹೆಡ್ಲಿ: ಕುರ್ಚಿ ಹಾಕಿದ ಮೇಲೆ ಅದು ಹೋಟೆಲ್ಲೇ ನೋರೀನ್. ಸುಮ್ನೆ ವಾದ ಮಾಡ್ಬೇಡ.

ನೋರೀನ್: ಬ್ರೆಡ್ ಬೇಯೋವರೆಗೂ ಜನ ಒಂಟಿಕಾಲಲ್ಲಿ ನಿಂತಿರ್ಬೇಕಾ?

ಹೆಡ್ಲಿ: ಕಾಯೋರಿಗೆ ಟೀ ಯಾಕೆ?

ನೋರೀನ್: ಗಂಟಲು ಒಣಗುತ್ತೆ. ನಿನ್ನ ಮಾತು ಕೇಳೋರಿಗೆ ಇನ್ನೂ ಬೇಗ ಒಣಗುತ್ತೆ.

ಹೆಡ್ಲಿ: ಸರಿ, ಆ ತಟ್ಟೇಲಿರೋ ಪೈ ಕಡುಬು ಯಾಕೆ ಬಿಸಿ ಇದೆ? ತಣ್ಣಗೆ ಕಟ್ಟಿ ಕೊಟ್ರೆ ಅಂಗಡಿ, ಬಿಸಿ ಮಾಡಿ ಕೊಟ್ರೆ ಹೋಟೆಲು. ಪುರಸಭೆಯ ನಿಯಮ.

ನೋರೀನ್: ಕಿಟಕಿ ಹತ್ರ ಇಟ್ಟಿದ್ದೆ. ಬಿಸಿಲಿಗೆ ಬಿಸಿಯಾಗಿರ್ಬೇಕು.

ಹೆಡ್ಲಿ: ಬಿಸಿಲಿಗಾ? ಈ ಯಾರ್ಕ್‌ಶೈರ್ ಮಳೇಲಾ?

ಹೊರಗೆ ಜೂನ್ ತಿಂಗಳ ಮಳೆ ಹುಯ್ಯುತ್ತಿತ್ತು. ಹೆಡ್ಲಿ ಕ್ರ್ಯಾಗನದು ನಮ್ಮ ಥಾರ್ನ್‌ಬೆಕ್ ಪೇಟೆಬೀದಿಯ ಹಾರ್ಡ್‌ವೇರ್ ಅಂಗಡಿ, ನೋರೀನಳದು ಅದರ ಪಕ್ಕದ ಬೇಕರಿ. ನನ್ನನ್ನು ಅವನು ಬೇಕರಿಗೆ ಕರಕೊಂಡು ಬಂದಿದ್ದು ತನ್ನ ಮಾತಿಗೆ ತಲೆ ಆಡಿಸಲಿ ಅಂತ. ಬನ್ನಿನ ವಾಸನೆಗೆ ನನ್ನ ತಲೆ ಇಬ್ಬರ ಮಾತಿಗೂ ಆಡುತ್ತಿತ್ತು.

ಸಂಗತಿ ಇಷ್ಟೇ. ಬೀದಿಯಲ್ಲಿ ಅರ್ಧದಷ್ಟಾದರೂ ಅಂಗಡಿಗಳೇ ಇರಬೇಕು ಅಂತ ಪುರಸಭೆಯ ಕಟ್ಟಳೆ. ಮಿಕ್ಕ ಅರ್ಧವನ್ನು ಬಹುಪಾಲು ಪಿಜ್ಜಾದವರು, ಬಿರಿಯಾನಿಯವರು, ಮೂರು ಥರದ ಕಾಫಿಯವರು ಹಂಚಿಕೊಂಡು ಕೂತಿದ್ದರು. ಇನ್ನು ಒಂದೇ ಒಂದು ಹೋಟೆಲಿಗೆ ಜಾಗ ಉಳಿದಿತ್ತು. ಅದು ತನಗಿರಲಿ ಅಂತ ನೋರೀನ್ ಅರ್ಜಿ ಹಾಕಿದ್ದಳು, ಒಪ್ಪಿಗೆ ಬರೋ ಮೊದಲೇ ಕುರ್ಚಿಯನ್ನೂ ಹಾಕಿದ್ದಳು. ಬಾಡಿಗೆ ಏರಿದೆ, ಬರೀ ಬ್ರೆಡ್ ಮಾರಿ ಬದುಕೋಕಾಗಲ್ಲ, ಮೂರು ಕುರ್ಚಿ ಹಾಕಿ ಟೀ ಕೊಡದಿದ್ದರೆ ಬಾಗಿಲು ಹಾಕಬೇಕು ಅಂತ ಅವಳೇ ಬಾಯಿಬಿಟ್ಟು ಹೇಳಿದ್ದಳು. ಕೊಡಬೇಡಿ ಅಂತ ತಕರಾರು ಹಾಕಿದವನು ಈ ಮಹಾನುಭಾವ.

ಹೆಡ್ಲಿ: ಹೀಗೇ ಆದ್ರೆ ನಾಳೆ ನಲ್ಲಿ ಸೋರಿದ್ರೆ ಜನ ಪಿಜ್ಜಾ ಹಿಟ್ಟು ಮೆತ್ತಬೇಕಾ?

ನೋರೀನ್: ಹಸಿವಾದ್ರೆ ನಿನ್ನ ಮೊಳೆ ಅಗೀಬೇಕಾ? ಅಷ್ಟಕ್ಕೂ ನಿನ್ನ ಅಂಗಡೀಲಿ ಒಂದು ಮೊಳೆ ಮಾರಿದ್ದು ಯಾವಾಗಯ್ಯಾ?

ಅಷ್ಟರಲ್ಲಿ ಕೊಡೆ ಕೊಡವುತ್ತಾ ಅರ್ಜಿ ವಿಚಾರಿಸೋಕೆ ಪುರಸಭೆಯ ಮಿಸ್ ಬೆಲ್‌ವುಡ್ ಒಳಗೆ ಬಂದರು. ಬೋರ್ಡಿನ ಮೇಲೆ ಏನು ಬರೆದಿದೆ ಅನ್ನೋದು ತನಗೆ ಬೇಡ, ಒಳಗೆ ಏನು ನಡೆಯುತ್ತೆ ಅನ್ನೋದೇ ಮುಖ್ಯ ಅಂದರು. ಆ ಮಾತನ್ನು ನನಗೂ ಕೇಳಲಿ ಅಂತ ಹೆಡ್ಲಿ ಇನ್ನೊಮ್ಮೆ ಹೇಳಿಸಿದ. ಪಕ್ಕದ ಅಂಗಡಿಯನ್ನೂ ನೋಡಬೇಕು ಅಂತ ಅವರು ಅಂದಾಗಲಂತೂ, ನಿಜವಾದ ಅಂಗಡಿ ಹೇಗಿರುತ್ತೆ ತೋರಿಸ್ತೀನಿ ಬನ್ನಿ ಅಂತ ತಾನೇ ಮುಂದಾಗಿ ನಡೆದ.

ಹೆಡ್ಲಿಯ ಅಂಗಡಿಯೊಳಗೆ, ದಿನಾ ಹರಟೆಗೆ ಸೇರುವ ನಮ್ಮ ಗುಂಪು ಎಂದಿನಂತೆ ಒಲೆಯ ಸುತ್ತ ಪೇಂಟಿನ ಡಬ್ಬಗಳ ಮೇಲೆ ಕೂತಿತ್ತು. ಟೀ ಕೆಟಲು ಕುದಿಯುತ್ತಿತ್ತು. ತಕ್ಕಡಿಯ ತಟ್ಟೆ ತುಂಬ ನೋರೀನಳ ಬನ್ನು. ಪಕ್ಕದಲ್ಲಿ ‘ಹಾಲಿಗೆ’ ಅಂತ ಬರೆದ ಚಿಲ್ಲರೆ ಡಬ್ಬಿ. ಮುದುಕ ಕ್ಲೆಮ್ ಎದ್ದು ಮಿಸ್ ಬೆಲ್‌ವುಡ್ಡಿಗೆ ಡಬ್ಬ ಒರೆಸಿ ಕೊಟ್ಟು, ಸಕ್ಕರೆ ಎಷ್ಟು ಅಂತ ಕೇಳಿದ.

ಮಿಸ್ ಬೆಲ್‌ವುಡ್: ನೀವು ಇಲ್ಲಿ ಏನು ಕೊಂಡ್ಕೋತೀರಿ?

ಕ್ಲೆಮ್: ಕೊಂಡ್ಕೊಳ್ಳೋದಾ? ಇಲ್ಲಿಂದಾ?

ಅವನು ನಿಜಕ್ಕೂ ಯೋಚಿಸಿದ. ಒಂದು ಬಾಗಿಲ ಚಿಲಕ ಅಂದ, ಆಮೇಲೆ ಅದು ಅವನ ಅಪ್ಪ ಕೊಂಡಿದ್ದು ಅಂತ ತಿದ್ದಿಕೊಂಡ. ನಾನು ನೆಲ ನೋಡುತ್ತಿದ್ದೆ.

ಮಿಸ್ ಬೆಲ್‌ವುಡ್: ಜನ ಬರ್ತಾರೆ, ಕೂರ್ತಾರೆ, ಬಿಸಿ ಟೀ ಕುಡೀತಾರೆ, ದುಡ್ಡು ಹಾಕ್ತಾರೆ. ಮಿಸ್ಟರ್ ಕ್ರ್ಯಾಗ್, ಉಳಿದಿದ್ದ ಆ ಒಂದು ಹೋಟೆಲು ನಿಮ್ಮದೇ. ನೋರೀನ್ ಅವರ ಅರ್ಜಿಗೆ ಇನ್ನು ಜಾಗ ಇಲ್ಲ. ಹೋಟೆಲು ಬೇಡ ಅಂದ್ರೆ ನೀವು ಈ ಕೆಟಲು ತೆಗೀಬೇಕು, ಆಗ ಜಾಗ ಅವರಿಗೆ.

ನಮ್ಮ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ನೋರೀನಳ ಮುಖ ಬಿಳಿಚಿಕೊಂಡಿತು. ಹೆಡ್ಲಿ ಗೆದ್ದಿದ್ದ, ಆದರೆ ಗೆದ್ದವನ ಮುಖವಾಗಿರಲಿಲ್ಲ. ಕೆಟಲನ್ನು ನೋಡಿದ, ನಮ್ಮನ್ನು ನೋಡಿದ.

ನೋರೀನ್: ತೆಗಿ ಹೆಡ್ಲಿ. ಅಂಗಡಿ ಉಳೀಲಿ ಅಂತ ನೀನೇ ಅಲ್ವಾ ಬಡ್ಕೊಂಡಿದ್ದು?

ಹೆಡ್ಲಿ: ಕೆಟಲು ಹೋದ್ರೆ ಇವ್ರು ಬರಲ್ಲ. ಇವ್ರು ಬರ್ದಿದ್ರೆ ದಿನವಿಡೀ ನಾನು ಯಾರ ಮುಖ ನೋಡ್ಲಿ, ಮೊಳೆಗಳದ್ದಾ?

ನಮಗೆಲ್ಲ ಸಂಕಟವಾಯಿತು, ಟೀ ಮಾತ್ರ ಕೆಳಗಿಡಲಿಲ್ಲ. ನೋರೀನ್ ಅವನನ್ನು ನೋಡಿದಳು. ಆಮೇಲೆ ಮಿಸ್ ಬೆಲ್‌ವುಡ್ ಕಡೆ ತಿರುಗಿ, ತಾನು ಪೈ ತಣ್ಣಗೆ ಮಾರಿದರೆ ತನ್ನದು ಅಂಗಡಿಯೇ ತಾನೆ ಅಂತ ಕೇಳಿದಳು. ಹೌದು ಅಂದರು. ಅದನ್ನು ಪಕ್ಕದ ಹೋಟೆಲಿನವನಿಗೆ ಮಾರಿದರೆ? ಅದಕ್ಕೂ ಅಡ್ಡಿಯಿಲ್ಲ ಅಂದರು. ಅವನು ಬಿಸಿ ಮಾಡಿ ಜನರಿಗೆ ಕೊಟ್ಟರೆ? ಹೋಟೆಲು ಇರೋದೇ ಅದಕ್ಕಲ್ಲವೇ ಅಂದರು.

ನೋರೀನ್ ತನ್ನ ಮೂರು ಕುರ್ಚಿಗಳನ್ನೂ ಮಳೆಯಲ್ಲೇ ಎತ್ತಿಕೊಂಡು ಬಂದು ಹೆಡ್ಲಿಯ ಅಂಗಡಿಯ ಬಕೆಟ್ಟುಗಳ ಪಕ್ಕ ಹಾಕಿದಳು. ಕೊನೆಗೆ ತನ್ನ ಏಪ್ರನ್ ಬಿಚ್ಚಿ ಹೆಡ್ಲಿಯ ಕೊರಳಿಗೆ ಹಾಕಿದಳು.

ನೋರೀನ್: ಮಾಡಿದ್ದುಣ್ಣೋ ಮಹರಾಯ. ನನ್ನ ಬಾಡಿಗೆ ಕಟ್ಟೋವಷ್ಟು ಪೈ ನೀನೇ ನನ್ನಿಂದ ಕೊಳ್ಬೇಕು, ತಿಳೀತಾ?

ಹೆಡ್ಲಿ ಗೊಣಗಿದ, ಶಪಿಸಿದ, ಇಡೀ ಬೀದಿ ಹಾಳಾಯ್ತು ಅಂದ. ಮಾರನೇ ವಾರ ನಾನು ಮನೆಯಲ್ಲಿ ನಿಜವಾಗಿಯೂ ಕಿತ್ತುಹೋಗಿದ್ದ ಬಾಗಿಲಿಗೆ ತಿರುಪುಮೊಳೆ ಬೇಕಾಗಿ ಅವನಲ್ಲಿಗೆ ಹೋದೆ. ಅಲ್ಲಿ ಏನಾದರೂ ಕೊಳ್ಳೋಕೆ ಹೋಗಿದ್ದು ಜೀವಮಾನದಲ್ಲೇ ಮೊದಲ ಸಲ. ಕೂರೋಕೆ ಡಬ್ಬ ಸಹ ಖಾಲಿಯಿರಲಿಲ್ಲ. ನಾಲ್ಕು ತಿರುಪು ಕೊಡಪ್ಪಾ ಅಂದೆ.

ಹೆಡ್ಲಿ ಬೆನ್ನು ತಿರುಗಿಸಿಕೊಂಡೇ ಕೇಳಿದ:

— ಬಿಸಿ ಮಾಡ್ಲಾ, ತಣ್ಣಗೇ ಕಟ್ಟಿಕೊಡ್ಲಾ?