ಯಂತ್ರ ದೊಡ್ಡದು ಮಾಡಿದ್ದು

ಯಂತ್ರಗಳಿಗೆ ಕಣ್ಣಿಲ್ಲ ಎನ್ನುವವರು ಎಂದೂ ಯಂತ್ರ ಮಾಡಿದವರಲ್ಲ. ಎದುರಿಗೆ ಯಾರೂ ಇಲ್ಲದಾಗ ಹೇಳಿದಂತೆ ಕೇಳಿಕೊಂಡು ತಿರುಗುವ ಯಂತ್ರ, ದೊಡ್ಡವರು ಬಂದು ಕುರ್ಚಿ ಹಾಕಿ ಕುಳಿತರೆ ಸಾಕು, ನೆಂಟರ ಮುಂದಿನ ಮಕ್ಕಳಂತೆ ಹಟ ಹಿಡಿಯುತ್ತದೆ. ಕಾರಖಾನೆಗಳಿಗೆ ಬೇಕಾದ ಯಂತ್ರಗಳ ನಕ್ಷೆ ಬರೆದು, ಅವನ್ನು ಕಬ್ಬಿಣದಲ್ಲಿ ಎಬ್ಬಿಸಿ ನಿಲ್ಲಿಸುವುದು ನನ್ನ ಉದ್ಯೋಗ. ಇದು ಎಂಥ ಉದ್ಯೋಗವೆಂದು ನನ್ನ ಹೆಂಡತಿಗೆ ಇನ್ನೂ ತಿಳಿದಿಲ್ಲ. ತಿಳಿಸುವ ಪ್ರಯತ್ನವನ್ನು ನಾನೂ ಬಿಟ್ಟಿಲ್ಲ. ಶೇಂಗಾ ಒಡೆಯುವ ಯಂತ್ರದ ನಕ್ಷೆಯನ್ನು ಅಡುಗೆಮನೆಯ ನೆಲಕ್ಕೆ ಹಾಸಿ, ತಿರುಗುವ ಉರುಳೆ ಇದು, ಕಾಯಿ ಸುರಿಯುವ ಬಾಯಿ ಇದು ಎಂದು ತೋರಿಸಿದಾಗ ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ, “ಅಷ್ಟು ಕಬ್ಬಿಣ ಯಾಕ ಬೇಕ್ರಿ? ನಾಕ್ ಮಂದಿ ಹೆಣಮಕ್ಕಳು ಕುಂತು ಮಾತಾಡಕೋತ ಸುಲದ್ರ ಮುಗೀತು. ನಿಮ್ಮ ಯಂತ್ರಕ್ಕ ಮಾತಾಡಾಕ ಬರ್ತೈತೇನು?” ಎಂದಳು. ಬರುವುದಿಲ್ಲ ಎಂದು ಒಪ್ಪಿಕೊಂಡು, ಹಿಟ್ಟು ಹತ್ತಿದ ಹಾಳೆಯನ್ನು ಸುತ್ತಿಟ್ಟೆ.

ಆಗ ಯುದ್ಧದ ಕಾಲ. ಪರದೇಶದ ಯಂತ್ರಗಳು ಮುಂಬಯಿಗೇ ಬರುತ್ತಿರಲಿಲ್ಲ, ಇನ್ನು ವಿಜಾಪುರಕ್ಕೆಲ್ಲಿ? ಸೊಲ್ಲಾಪುರ ರಸ್ತೆಯ ನಮ್ಮ ವರ್ಕಶಾಪು ಅಲ್ಲಿಯವರೆಗೆ ಬೇರೆಯವರ ಯಂತ್ರಗಳ ರಿಪೇರಿಯಿಂದಲೇ ಬದುಕಿತ್ತು. ಬಬಲೇಶ್ವರದ ಗೌಡರೊಬ್ಬರು ತಮ್ಮ ಹೊಸ ಗಿರಣಿಗೆ ಶೇಂಗಾ ಯಂತ್ರ ಬೇಕೆಂದಾಗ ಮೊದಲ ಸಲ ಸ್ವಂತದ್ದೊಂದನ್ನು ಕಟ್ಟಿದೆವು. ಅವರು ಒಪ್ಪಿದರೆ ನಾನು ಯಂತ್ರ ಮಾಡುವವನು; ಒಪ್ಪದಿದ್ದರೆ ಮತ್ತೆ ಪಂಪಿಗೆ ವಾಶರು ಹಾಕುವವನು.

ಪರೀಕ್ಷೆಯ ದಿನ ಗೌಡರು ಬಂದರು. ಜೊತೆಗೆ, ಬರೀ ಮೋಜು ನೋಡಲು, ತಿಕೋಟಾದ ಅವರ ಬೀಗರು. ನಮ್ಮ ಫಿಟ್ಟರ್ ಮಲ್ಲಪ್ಪ ಯಂತ್ರಕ್ಕೆ ಕುಂಕುಮ ಹಚ್ಚಿ, ಕೈಮುಗಿದು, ಇಂಜಿನ್ನಿನಿಂದ ಉರುಳೆಗೆ ಚರ್ಮದ ಪಟ್ಟಾ ಏರಿಸಿದ. ಉರುಳೆ ತಿರುಗಿತು. ಆದರೆ ಅದರ ಬೇರಿಂಗೊಂದು ತುಸು ಬಿಗಿ. ಗಾಣದ ಎತ್ತಿನ ಗತಿಯಲ್ಲಿ ತಿರುಗಿತು. ಕೆಳಗೆ ಕಾಳುಗಳು ಸಂಕೋಚಪಟ್ಟು ಒಂದೊಂದಾಗಿ ಇಳಿದವು.

“ಬೀಗರ, ಇದಕ್ಕಿಂತ ನಮ್ಮ ಮನಿ ಮುದಿಕಿ ಲಗೂನ ಸುಲೀತಾಳಲ್ರಿ!” ಎಂದರು ತಿಕೋಟಾದವರು.

ಗೌಡರು ನಗಲಿಲ್ಲ. ಅದೇ ನನಗೆ ಹೆದರಿಕೆ. ಕಾಯಿ ಹೆಚ್ಚು ಸುರಿದರೆ ಕಾಳೂ ಹೆಚ್ಚು ಬೀಳಬಹುದೆಂದು ಇಂಜಿನ್ನಿನ ಸದ್ದಿನ ಮೇಲೆ ಕೂಗಿದೆ: “ಮಲ್ಲಪ್ಪಾ, ಬಾಯಿ ದೊಡ್ಡದು ಮಾಡು!”

‘ಬಾಯಿ’ ಎಂಬುದು ಸದ್ದಿನಲ್ಲಿ ಹಾರಿಹೋಯಿತು. ‘ದೊಡ್ಡದು ಮಾಡು’ ಎಂಬುದಷ್ಟೇ ಅವನನ್ನು ಮುಟ್ಟಿತು. ನಮ್ಮ ಕಡೆ ದೀಪ ಆರಿಸು ಎಂದು ಯಾರೂ ಅನ್ನುವುದಿಲ್ಲ, ಅದು ಅಶುಭ. ದೀಪ ದೊಡ್ಡದು ಮಾಡು ಎನ್ನುತ್ತೇವೆ. ಕುಂಕುಮ ಹಚ್ಚಿಸಿಕೊಂಡ ಯಂತ್ರ ಮಲ್ಲಪ್ಪನ ಪಾಲಿಗೆ ದೀಪಕ್ಕೆ ಸಮ. ಒಮ್ಮೆ ನನ್ನ ಮುಖ ನೋಡಿ, ಮರುಗುತ್ತಲೇ ಪಟ್ಟಾ ಜಾರಿಸಿಬಿಟ್ಟ. ಉರುಳೆ ತಟ್ಟನೆ ನಿಂತಿತು.

“ಯಾಕಲೇ ನಿಲ್ಲಿಸಿದಿ?”

“ನೀವ ದೊಡ್ಡದು ಮಾಡಂದ್ರೆಲ್ರಿ!”

“ಬಾಯಿ ಅಂದ್ನೆಪಾ, ಬಾಯಿ!”

“ಯಾರ ಬಾಯಿರಿ?”

ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರು ಎದ್ದರು. ಇನ್ನು ಹೊರಟೇಬಿಟ್ಟರು ಎಂದುಕೊಳ್ಳುವಷ್ಟರಲ್ಲಿ ಯಂತ್ರದ ಹತ್ತಿರ ಹೋಗಿ, ನಿಂತ ಉರುಳೆಯನ್ನು ಮುಟ್ಟಿ ನೋಡಿ, “ಸುರು ಮಾಡಿ ಇನ್ನೊಮ್ಮಿ ದೊಡ್ಡದು ಮಾಡೋ ತಮ್ಮಾ,” ಎಂದರು. ಮಲ್ಲಪ್ಪ ಹಾಗೇ ಮಾಡಿದ. ಬೇರಿಂಗಿನ ಬಿಗಿಗೆ ಉರುಳೆ ಮತ್ತೆ ತಟ್ಟನೆ ನಿಂತಿತು.

“ನಮ್ಮ ಹಳೀ ಗಿರಣ್ಯಾಗ ಪಟ್ಟಾ ಇಳಿಸಿದ ಮ್ಯಾಲೂ ಗಾಲಿ ಗರಗರ ತಿರಗತಿತ್ರಿ,” ಎಂದರು ಗೌಡರು ನನ್ನ ಕಡೆ ತಿರುಗಿ. “ ನಿಂತಿರಬೇಕಂತ ಬಗ್ಗಿದ ಒಬ್ಬ ಹೆಣಮಗಳ ಸೆರಗು ಎಳಕೊಂಡಿತ್ತು. ಹೆಂಗೋ ಪಾರಾದ್ಲು. ಅವತ್ತಿಂದ ಹೆಣಮಕ್ಕಳು ಯಂತ್ರದ ಹತ್ರ ಬರಾಕ ಒಲ್ಲೆ ಅಂತಾರ. ಇದು ನೋಡ್ರಿ, ಅಂದ ಕೂಡ್ಲೆ ನಿಂದರ್ತೈತಿ. ಸಾವಕಾಶ ತಿರಗಿದ್ರ ತಿರಗಲಿ. ಬೇಕಂತಲೇ ಹಿಂಗ ಮಾಡೀರೇನು?”

“ಮತ್ತ! ಮೊದಲ ಅದರದ ವಿಚಾರ ಮಾಡೇನ್ರಿ,” ಎಂದೆ. ನನ್ನ ಧ್ವನಿ ಕಿಂಚಿತ್ತೂ ನಡುಗಲಿಲ್ಲ.

“ಹಂಗಾದ್ರ ಇದನ್ನ ಕಳಸ್ರಿ. ಇಂಥಾದ್ದ ಇನ್ನೊಂದು ಮಾಡ್ರಿ,” ಎಂದು ಗೌಡರು ಬೀಗರನ್ನು ಎಬ್ಬಿಸಿಕೊಂಡು ಟಾಂಗಾ ಹತ್ತಿದರು.

ಟಾಂಗಾ ಮರೆಯಾದದ್ದೇ ತಡ, ಮಲ್ಲಪ್ಪ ಕಬ್ಬಿಣ ಉಜ್ಜುವ ಕಾನಸು ಹಿಡಿದು ಬಂದ. “ಆ ಬೇರಿಂಗ ಭಾಳ ಬಿಗಿ ಐತ್ರಿ. ತಿಕ್ಕಿ ಸಡಲ ಮಾಡ್ತೀನಿ.”

“ಮುಟ್ಟಿದಿ ಅಂದ್ರ ನೋಡು!” ಎಂದೆ, ಆ ಬಿಗಿಯ ಅಳತೆಯನ್ನು ನಕ್ಷೆಯಲ್ಲಿ ಕೆಂಪು ಸೀಸಕಡ್ಡಿಯಿಂದ ಬರೆದುಕೊಳ್ಳುತ್ತ. “ಅದು ಡಿಜೈನು.”